ನಾಲ್ಕನೆಯ ಕಿರಣಕ್ಕೆ ಹೇಳಿಕೊಂಡ ಹರಕೆ

ನನ್ನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿ ಮೊನ್ನೆ ಬಿಜೈ ಮಾರ್ಕೆಟಿನಲ್ಲಿ ಸಿಕ್ಕಿದಳು. ನಾನು ಬಸಳೆಯ ಕಟ್ಟು ಆರಿಸುತ್ತಿದ್ದೆ. "ಅಕ್ಕ, ಲೇಸರ್ ರೂಮಿನ ಬಗ್ಗೆ ಏನಾದ್ರೂ ಬರೆದು ಕೊಡಿ. ಮ್ಯಾನುವಲ್‌ನಲ್ಲಿ ಇಲ್ಲದ್ದು ಬೇಕು" ಎಂದಳು. ಮ್ಯಾನುವಲ್‌ನಲ್ಲಿ ಇಲ್ಲದ್ದೆಂದರೆ ಹೆಚ್ಚಿನದೆಲ್ಲ ನನ್ನ ಎಡವಟ್ಟುಗಳೇ. ಹಾಗೆಂದು ಹೇಳಿದೆ. "ಅದೇ ಬೇಕು" ಎಂದು ನಕ್ಕಳು. ಈಗ ನಾನು ಮನೆಯಲ್ಲೇ ಇರುವುದು. ಬೆಳಗ್ಗೆ ಹೂ ಕೊಯ್ದು, ದೇವರ ಪಾತ್ರೆ ತಿಕ್ಕಿ, ಅಡಿಗೆ ಮುಗಿಸಿದರೆ ಹನ್ನೊಂದರ ಮೇಲೆ ಸಮಯ ಉಳಿಯುತ್ತದೆ. ಅದೂ ಒಂದು ದಯೆಯೇ. ಆ ಹೊತ್ತಿನಲ್ಲಿ ಕೂತು ಬರೆದದ್ದು ಇದು.

ನಮ್ಮ ಯಜಮಾನರು ಬಿಜೈಯ ಒಳದಾರಿಯ ಸಣ್ಣದೊಂದು ಗಣಪತಿ ಗುಡಿಯ ಅರ್ಚಕರು. ನಾನು ಬಿ.ಎಸ್ಸಿ. ಮಾಡಿ, ಮದುವೆಯಾಗಿ, ಆ ಡಿಗ್ರಿಯನ್ನು ಅಟ್ಟದ ಮೇಲೆ ಇಟ್ಟವಳು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಬಲ್ಮಠದ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗಕ್ಕೆ ಲ್ಯಾಬ್ ಅಸಿಸ್ಟೆಂಟ್ ಬೇಕೆಂದು ಗೊತ್ತಾಯಿತು. ಗಾಜು ತೊಳೆಯುವುದು, ಒರೆಸುವುದು, ಸಾಮಾನು ಜೋಡಿಸಿಡುವುದು ನನ್ನ ಕೆಲಸವೆಂದರು. ಮನೆಯಲ್ಲಿ ಮಾಡುವುದೂ ಅದನ್ನೇ ಅಲ್ಲವೇ ಎಂದು ಸೇರಿದೆ. ಅದೇ ಭಾವನೆ ಮುಂದೆ ನನ್ನನ್ನು ನಾಚಿಕೆಗೆ ತಳ್ಳಿತು.

ಲೇಸರ್ ರೂಮು ಹೆಗ್ಡೆ ಸರ್ ಅವರದ್ದು. ಎತ್ತರದ ಮನುಷ್ಯ, ಮೆಲ್ಲಗೆ ಮಾತು, ಬೈಯುವುದೂ ಮೆಲ್ಲಗೆಯೇ. ಮೊದಲ ದಿನ ನನ್ನ ಕೈ ನೋಡಿ, "ವಾರಿಜಮ್ಮ, ಬಳೆ ತೆಗೀಬೇಕಾಗ್ತದೆ. ಬೆಳಕು ಅದಕ್ಕೆ ತಾಗಿ ಯಾರ ಕಣ್ಣಿಗಾದ್ರೂ ಹೋದ್ರೆ ಕಣ್ಣು ಹೋದ ಹಾಗೆ" ಎಂದರು.

"ಬಳೆ ತೆಗೀಲಿಕ್ಕೆ ಆಗುವುದಿಲ್ಲ ಸರ್. ಬೇರೆ ಎಂತ ಬೇಕಾದ್ರೂ ಮಾಡ್ತೇನೆ."

ಅವರು ವಾದ ಮಾಡಲಿಲ್ಲ. ಕಪ್ಪು ಟೇಪಿನ ಸುರುಳಿ ಕೊಟ್ಟರು. ಬಳೆಗೆ ಟೇಪು ಸುತ್ತಿದೆ, ತಾಳಿ ರವಿಕೆಯ ಒಳಗೆ ಹೋಯಿತು, ಮೂಗುಬೊಟ್ಟಿನ ಮೇಲೆ ಬ್ಯಾಂಡೇಜಿನ ಚೂರು ಬಂತು. ಸಂಜೆ ಬಿಚ್ಚಲು ಮರೆತು ಬಸ್ ಹತ್ತಿದರೆ ಕಂಡಕ್ಟರು, "ಎಂತ ಅಮ್ಮ, ಬಳೆಗೆ ಸೀಲ್ ಹಾಕಿದ್ದಾರಾ?" ಎಂದು ಕೇಳಿದ. ಇಡೀ ಬಸ್ಸು ನಕ್ಕಿತು. ಮಕ್ಕಳೇ, ಈ ಕೆಲಸದಲ್ಲಿ ಬಳೆ ತೆಗೆಯುವುದೇ ಸರಿ. ನಾನು ತೆಗೆಯಲಿಲ್ಲ. ನನ್ನ ಹಟಕ್ಕೆ ಯಾರ ಕಣ್ಣೂ ಹೋಗಲಿಲ್ಲ ಎನ್ನುವುದು ದೇವರ ದಯೆ, ನನ್ನ ಜಾಣತನವಲ್ಲ.

ಆ ರೂಮಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಫೋರ್ ವೇವ್ ಮಿಕ್ಸಿಂಗ್ ಎಂದು ಹೆಸರು. ನಾಲ್ಕು ಅಲೆಗಳ ಮಿಶ್ರಣ. "ಮಿಕ್ಸಿಂಗ್ ಅಂದ್ರೆ ನಿಮ್ಮ ಮಿಕ್ಸಿ ಅಲ್ಲ" ಎಂದು ಸರ್ ಮೊದಲೇ ಹೇಳಿದ್ದರು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಒಂದು ಟಾರ್ಚಿನ ಬೆಳಕು ಇನ್ನೊಂದು ಟಾರ್ಚಿನ ಬೆಳಕನ್ನು ಅಡ್ಡ ಹಾಯ್ದರೆ ಎರಡಕ್ಕೂ ಏನೂ ಆಗುವುದಿಲ್ಲ, ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತವೆ. ಆದರೆ ಲೇಸರಿನ ಬೆಳಕು ಬಹಳ ಬಲದ್ದು. ಕೆಲವು ದ್ರವಗಳ ಒಳಗೆ ಅದು ಹೊಕ್ಕಾಗ, ಹದವಾದ ಹಿಟ್ಟಿನ ಮೇಲೆ ಬೆರಳು ಒತ್ತಿದಂತೆ, ಗುರುತು ಬೀಳುತ್ತದೆ. ನಾವು ಒಂದೇ ಲೇಸರಿನ ಹಸಿರು ಬೆಳಕನ್ನು ಮೂರು ಪಾಲು ಮಾಡುತ್ತೇವೆ. ಎರಡು ಪಾಲು ಎದುರುಬದುರಾಗಿ ಬಂದು ಗಾಜಿನ ಪುಟ್ಟ ಡಬ್ಬಿಯೊಳಗಿನ ದ್ರವದಲ್ಲಿ ಸೇರಬೇಕು. ಆ ಡಬ್ಬಿಗೆ ಸೆಲ್ ಎನ್ನುತ್ತಾರೆ. ಮೂರನೆಯ ಪಾಲು ಸ್ವಲ್ಪ ಓರೆಯಾಗಿ ಅಲ್ಲಿಗೇ ಬರಬೇಕು. ಎದುರುಬದುರಾದ ಎರಡರಲ್ಲಿ ಒಂದು, ಈ ಓರೆಯದರ ಜೊತೆ ಸೇರಿ ದ್ರವದಲ್ಲಿ ಸಣ್ಣ ಸಣ್ಣ ಗೆರೆ ಮೂಡಿಸುತ್ತದೆ. ಇನ್ನೊಂದು ಆ ಗೆರೆಗಳಿಗೆ ತಾಗಿ ಸಿಡಿಯುತ್ತದೆ. ಹಾಗೆ ಸಿಡಿದದ್ದೇ ನಾಲ್ಕನೆಯ ಕಿರಣ. ಅದು ಮೂರನೆಯದು ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ.

ಇದರಿಂದ ಎಂತ ಪ್ರಯೋಜನ ಎಂದು ನಾನೂ ಕೇಳಿದ್ದೆ. ಸರ್ ಒಮ್ಮೆ ಮೂರನೆಯ ಕಿರಣದ ದಾರಿಯಲ್ಲಿ ಒಂದು ಅಕ್ಷರ ಕೊರೆದ ತಗಡು ಇಟ್ಟು, ಅದರ ಮುಂದೆ ಬಚ್ಚಲು ಕಿಟಕಿಗೆ ಹಾಕುವಂಥ ಮಸುಕು ಗಾಜಿನ ತುಂಡು ನಿಲ್ಲಿಸಿದರು. ಗಾಜು ದಾಟಿದ ಬೆಳಕಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿ. ಆದರೆ ನಾಲ್ಕನೆಯ ಕಿರಣ ಅದೇ ಗಾಜಿನ ಮೂಲಕ ಹಿಂದೆ ಬಂದಾಗ ಅಕ್ಷರ ಮೊದಲಿನ ಹಾಗೆಯೇ ಇತ್ತು. ಹೋಗುವಾಗ ಕೆಟ್ಟದ್ದೆಲ್ಲ ಬರುವಾಗ ಸರಿಯಾಗಿತ್ತು. ಆವತ್ತು ಮನೆಗೆ ಹೋಗಿ ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ. ಬೆಳಕಿನಿಂದಲೇ ಬೆಳಕನ್ನು ತಿರುಗಿಸುವ ಸ್ವಿಚ್ಚು ಮಾಡಲಿಕ್ಕೂ ಇದು ಬೇಕಂತೆ. ಇಂಟರ್ನೆಟ್ಟಿನ ಗಾಜಿನ ಕೇಬಲ್ಲಿನಲ್ಲಿ ಮಾತ್ರ ಇದು ದೊಡ್ಡ ಉಪದ್ರ. ಅಲ್ಲಿ ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕು ಓಡುವಾಗ, ಯಾರೂ ಕರೆಯದೆಯೇ ಹೀಗೊಂದು ಹೊಸ ಬೆಳಕು ಹುಟ್ಟಿ ಪಕ್ಕದ ಮಾತನ್ನು ಕೆಡಿಸುತ್ತದೆ. "ಅವರು ಬರಬೇಡ ಅಂತಾರೆ, ಬರ್ತದೆ. ನಾವು ಬಾ ಅಂತೇವೆ, ಬರುವುದಿಲ್ಲ" ಎಂದು ಸರ್ ನಗುತ್ತಿದ್ದರು.

ಮೊದಲ ವರ್ಷಗಳಲ್ಲಿ ಮೂರು ಕಿರಣಗಳ ದಾರಿ ಒಂದೇ ಉದ್ದ ಉಂಟೋ ಎಂದು ನೂಲು ಹಿಡಿದು ಅಳೆಯುತ್ತಿದ್ದೆವು. ಮೂರೂ ಒಂದೇ ಕ್ಷಣಕ್ಕೆ ತಲುಪಬೇಕಲ್ಲ. ನಾಲ್ಕನೆಯದು ಬಂದರೆ ಯಂತ್ರದ ಪರದೆಯಲ್ಲಿ ಗೆರೆ ಏಳುತ್ತದೆ, ಅದೇ ಸಿಗ್ನಲ್; ಅದರ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಎಲ್ಲ ತನ್ನಷ್ಟಕ್ಕೆ ದಾಖಲಾಗತೊಡಗಿತು. ನೂಲು ಮಾತ್ರ ಕೊನೆಯವರೆಗೂ ಉಳಿಯಿತು. ನಮ್ಮ ಊರಿನ ಮಳೆಗಾಲಕ್ಕೆ ಲೆನ್ಸುಗಳ ಮೇಲೆ ಬೂಷ್ಟು ಬರುತ್ತದೆ. ತೇವ ಆರಲೆಂದು ಕಪಾಟಿನೊಳಗೆ ಬಲ್ಬು ಉರಿಸಿಡುವುದನ್ನು ಯಾವ ಕಂಪ್ಯೂಟರೂ ತಪ್ಪಿಸಲಿಲ್ಲ, ನೀವೂ ಬಿಡಬೇಡಿ.

ಕಾರ್ಬನ್ ಡೈಸಲ್ಫೈಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ಹೊಸ ದ್ರವವನ್ನು ಪರೀಕ್ಷಿಸುವ ಮೊದಲು, ಗುಣ ಗೊತ್ತಿರುವ ಈ ದ್ರವವನ್ನು ಇಟ್ಟು ಜೋಡಣೆ ಸರಿ ಉಂಟಾ ಎಂದು ನೋಡುತ್ತಾರೆ. ಕೊಳೆತ ಮೂಲಂಗಿಯ ವಾಸನೆ ಅದಕ್ಕೆ. ಒಂದು ದಿನ ಬಾಟಲಿಯ ಮುಚ್ಚಳ ಸರಿಯಾಗಿ ತಿರುಗಿಸದೆ ಬಿಟ್ಟೆ. ಪಕ್ಕದ ಹಾಲಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಮಕ್ಕಳು ಮೂಗು ಹಿಡಿದುಕೊಂಡು ಹೊರಗೆ ಓಡಿದರು. ಸರ್ ಹೇಳಿದ್ದು ಇಷ್ಟೇ: "ಪರೀಕ್ಷೆ ನಿಲ್ಲಿಸಿದ ಪುಣ್ಯ ನಿಮಗೆ ಬರ್ತದೆ ವಾರಿಜಮ್ಮ. ಹತ್ರ ಬೆಂಕಿ ಇದ್ದಿದ್ರೆ ಪುಣ್ಯ ತಕೊಳ್ಳಿಕ್ಕೆ ನೀವಿರ್ತಿರಲಿಲ್ಲ." ಬೆಂಕಿ ಇರಲಿಲ್ಲ. ಅದೂ ದಯೆಯ ಲೆಕ್ಕಕ್ಕೇ.

ಇವೆಲ್ಲ ನೆನೆದರೆ ನಗು ಬರುವ ಸಂಗತಿಗಳು. ಲವೀನಾಳದ್ದು ನೆನೆದರೆ ನಗು ಬರುವುದಿಲ್ಲ.

ಲವೀನಾ ಬಜಪೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗಿ, ಹೆಗ್ಡೆ ಸರ್ ಕೈಕೆಳಗೆ ಪಿಎಚ್‌ಡಿಗೆ ಸೇರಿದವಳು. ಬೆಳಗ್ಗೆ ಸ್ವಿಚ್ ಹಾಕುವ ಮುಂಚೆ ಅವಳು ಶಿಲುಬೆಯ ಗುರುತು ಮಾಡಿಕೊಳ್ಳುವುದು, ನಾನು ಕಣ್ಣು ಮುಚ್ಚಿ ಗಣಪತಿಯನ್ನು ನೆನೆಯುವುದು. ಸರ್, "ನಿಮ್ಮಿಬ್ಬರದ್ದು ಮುಗಿದ ಮೇಲೆ ಹೇಳಿ, ಫಿಸಿಕ್ಸ್ ಶುರು ಮಾಡುವ" ಎನ್ನುತ್ತಿದ್ದರು. ರಸಾಯನಶಾಸ್ತ್ರದವರು ಮಾಡಿಕೊಟ್ಟ ಹೊಸದೊಂದು ಪುಡಿಯನ್ನು ಕರಗಿಸಿ, ಅದರಲ್ಲಿ ನಾಲ್ಕನೆಯ ಕಿರಣ ಹುಟ್ಟುತ್ತದೋ ಎಂದು ನೋಡುವುದು ಅವಳ ಕೆಲಸ. ಹುಟ್ಟುತ್ತಿರಲಿಲ್ಲ. ಮೂಲಂಗಿ ವಾಸನೆಯ ದ್ರವದಲ್ಲಿ ಚೆನ್ನಾಗಿ ಬರುತ್ತಿತ್ತು, ಅವಳ ದ್ರವದಲ್ಲಿ ಇಲ್ಲ. ಅವಳ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಸಂಶೋಧನಾ ಸಮಿತಿ ಇನ್ನಷ್ಟು ಸಮಯ ಕೊಡದಿದ್ದರೆ ಅಷ್ಟು ವರ್ಷದ ದುಡಿಮೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಊಟದ ಡಬ್ಬಿ ಬಿಚ್ಚಿ, ಹಾಗೆಯೇ ಮುಚ್ಚಿ ಮನೆಗೆ ಕೊಂಡುಹೋಗುವುದನ್ನು ನೋಡಲಾರದೆ ನಾನು ಹರಕೆ ಹೇಳಿಕೊಂಡೆ. ಈ ಹುಡುಗಿಗೆ ಸಿಗ್ನಲ್ ಬಂದರೆ ಗಣಪತಿಗೆ ಅಕ್ಕಿ ಬೆಲ್ಲದ ಸಿಹಿ ಅಪ್ಪ ನೈವೇದ್ಯ ಮಾಡಿ ಪೂಜೆ ಮಾಡಿಸುತ್ತೇನೆ ಎಂದು.

ಆ ಸಮಯದಲ್ಲೇ ಸೆಲ್ ನಿಲ್ಲಿಸುವ ಹೊಸ ಸ್ಟ್ಯಾಂಡು ಬಂದಿತ್ತು. ಹಳೆಯದು ಒಂದು ಕಡೆಗೆ ಸ್ವಲ್ಪ ಸೊಟ್ಟಗೆ ಬಿಗಿದು ಕೂತಿತ್ತು, ಅಲ್ಲಾಡುತ್ತಿರಲಿಲ್ಲ. ನನಗಿಂತ ಮುಂಚೆ ಇದ್ದವರು ಅಜಾಗ್ರತೆಯಿಂದ ಬಿಗಿದಿದ್ದಾರೆ ಎಂದೇ ನಾನು ಅಷ್ಟು ವರ್ಷ ಎಣಿಸಿದ್ದು. ಯಾಕೆ ಸೊಟ್ಟ ಎಂದು ಒಮ್ಮೆಯೂ ಕೇಳಲಿಲ್ಲ. ಹೊಸದು ಸಲೀಸಾಗಿ ತಿರುಗುತ್ತಿತ್ತು. ಲವೀನಾ ಅದನ್ನೂ ಸೊಟ್ಟಗೇ ನಿಲ್ಲಿಸಿದ್ದಳು. ಒಂದು ಮಧ್ಯಾಹ್ನ ಅವಳು ಕ್ಯಾಂಟೀನಿಗೆ ಹೋದಾಗ ನಾನು ಸೆಲ್ ತೊಳೆದು, ಒರೆಸಿ, ದ್ರವ ತುಂಬಿ, ಸ್ಟ್ಯಾಂಡಿನಲ್ಲಿಟ್ಟು, ಗೋಡೆಯ ಮೇಲಿನ ದೇವರ ಪಟ ಸರಿಮಾಡುವ ಹಾಗೆ ಅದನ್ನು ನೆಟ್ಟಗೆ ಮಾಡಿದೆ. ಓರೆ ಇದ್ದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಅವಳು ಬಂದು ಲೇಸರ್ ಹಾಕಿದ ಕೂಡಲೇ ಪರದೆಯ ಮೇಲೆ ಸಿಗ್ನಲ್ ಎದ್ದು ನಿಂತಿತು.

"ಅಕ್ಕ, ಬಂತು" ಎಂದಳು ಲವೀನಾ. ಸರ್ ಓಡಿ ಬಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರಿಗೆ ನಮ್ಮ ಲೇಸರನ್ನು ಎಳೆಯುವ ಶಕ್ತಿ ಇಲ್ಲ. ಸರ್, "ನಾಳೆ ಒಂದೊಂದೇ ಕಿರಣಕ್ಕೆ ಅಡ್ಡ ಇಟ್ಟು ನೋಡುವ" ಎಂದರು. ಇದು ಈ ಕೆಲಸದ ಮೊದಲ ಪಾಠ. ಮೂರರಲ್ಲಿ ಯಾವುದಕ್ಕೆ ಕಪ್ಪು ಕಾರ್ಡು ಅಡ್ಡ ಇಟ್ಟರೂ ನಾಲ್ಕನೆಯದು ಹೋಗಬೇಕು. ಹೋಗದಿದ್ದರೆ ಅದು ನಾಲ್ಕನೆಯದೇ ಅಲ್ಲ. ಸರ್ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೆ ತಲೆಯಲ್ಲಿ ತುಂಬಿದ್ದು ಲವೀನಾ ಹೇಳಿದ "ಬಂತು" ಎಂಬ ಮಾತು ಮಾತ್ರ.

ಹರಕೆ ತಡಮಾಡಬಾರದು. ಮರುದಿನ ಬೆಳಗ್ಗೆಯೇ ಯಜಮಾನರು ಪೂಜೆ ಮಾಡಿದರು, ನಾನು ಅಪ್ಪ ಬೇಯಿಸಿದೆ. ಸ್ಟೀಲಿನ ದೊಡ್ಡ ಡಬ್ಬಿ ಹಿಡಿದು ಕಾಲೇಜಿಗೆ ಹೋದವಳು ಮೊದಲು ಪ್ರಿನ್ಸಿಪಾಲರ ಕೋಣೆಗೇ ನಡೆದೆ.

"ಎಂತ ವಿಶೇಷ ವಾರಿಜಮ್ಮ?"

"ಲವೀನಾಳಿಗೆ ಸಿಗ್ನಲ್ ಬಂತು ಸರ್. ಅದರ ಪ್ರಸಾದ."

"ಒಳ್ಳೆದಾಯ್ತು ಮಾರಾಯ್ರೆ. ಸಮಿತಿಯವರು ನಾಡಿದ್ದು ಬರ್ತಾರೆ, ಅವರಿಗೆ ಹೇಳ್ಲಿಕ್ಕೆ ಏನಾದ್ರೂ ಬೇಕಿತ್ತು" ಎಂದು ಎರಡು ಅಪ್ಪ ತಿಂದರು. ತಿನ್ನುತ್ತಲೇ ಸ್ಟಾಫಿನ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು. ಆಫೀಸಿನವರು ತಿಂದರು, ರಸಾಯನಶಾಸ್ತ್ರದವರು ತಿಂದರು. ನಮ್ಮಲ್ಲಿ ಪ್ರಸಾದ ಹಂಚಿ ಆಯಿತೆಂದರೆ ಕೆಲಸ ನೆರವೇರಿತೆಂದೇ ಲೆಕ್ಕ. ಲೇಸರ್ ರೂಮಿಗೆ ನಾನು ಕೊನೆಗೆ ತಲುಪಿದೆ. ಲವೀನಾ ಅಪ್ಪವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಅಕ್ಕ, ಇನ್ನೂ ಅಡ್ಡ ಇಟ್ಟು ನೋಡ್ಲಿಲ್ಲ ಅಲ್ವಾ" ಎಂದಳು.

"ನೋಡು, ನೋಡು. ಅದಕ್ಕೆಂತ" ಎಂದೆ.

ಅವಳು ಮೊದಲ ಕಿರಣಕ್ಕೆ ಕಾರ್ಡು ಅಡ್ಡ ಇಟ್ಟಳು. ಸಿಗ್ನಲ್ ಹಾಗೆಯೇ ಇತ್ತು. ಎದುರಿನದಕ್ಕೆ ಇಟ್ಟಳು. ಇತ್ತು. ಎರಡಕ್ಕೂ ಒಟ್ಟಿಗೆ ಇಟ್ಟಳು. ಆಗಲೂ ಇತ್ತು. ಲೇಸರ್ ಆರಿಸಿ ದೀಪ ಹಾಕಿದಳು. ಆಮೇಲೆ ಬಗ್ಗಿ ಸೆಲ್ ನೋಡಿದಳು.

"ಅಕ್ಕ, ಇದನ್ನು ಯಾರು ತಿರುಗಿಸಿದ್ದು?"

"ತಿರುಗಿಸ್ಲಿಲ್ಲ ಮಾರಾಯ್ತಿ. ಸೊಟ್ಟ ಇತ್ತು, ಸರಿ ಮಾಡಿದ್ದು."

ಆಗ ಅವಳು ಹೇಳಿದ್ದರಿಂದ ನನಗೆ ಗೊತ್ತಾಯಿತು. ಸೆಲ್ಲನ್ನು ಬೇಕೆಂದೇ ಸೊಟ್ಟ ಇಡುವುದು. ನೆಟ್ಟಗಿಟ್ಟರೆ ಗಾಜಿನ ಗೋಡೆ ಮೂರನೆಯ ಕಿರಣಕ್ಕೆ ನೇರ ಎದುರಾಗುತ್ತದೆ, ಆ ಕಿರಣ ಅದಕ್ಕೆ ತಾಗಿ, ಕನ್ನಡಿಗೆ ತಾಗಿದ ಹಾಗೆ, ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ನಾಲ್ಕನೆಯದು ಹೋಗುವ ದಾರಿಯೂ ಅದೇ. ಬರೀ ಗಾಜಿನ ಹೊಳಪಿಗೆ ನಾನು ಊರಿಗೆಲ್ಲ ಅಪ್ಪ ಹಂಚಿದ್ದೆ.

ಲವೀನಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯುವುದು ಕಷ್ಟ. ಆದರೆ ಅವಳು ಕೇಳಿದ್ದಾಳೆ, ದೇವರು ಕೇಳಿದ್ದಾನೆ, ಇನ್ನು ನಿಮ್ಮಿಂದ ಮುಚ್ಚಿಟ್ಟು ಎಂತ ಮಾಡುವುದು?

"ಈಗ ಯಾರಿಗೂ ಹೇಳ್ಬೇಡ ಲವೀನಾ. ಸಮಿತಿಯವರು ಬಂದು ಹೋಗ್ಲಿ. ನಿಂಗೂ ಸಮಯ ಸಿಗ್ತದೆ. ಎಲ್ಲರೂ ಪ್ರಸಾದ ತಿಂದಾಗಿದೆ, ಈಗ ಇಲ್ಲ ಅಂದ್ರೆ ನಾನು ಮುಖ ತೋರಿಸುವುದು ಹೇಗೆ?"

ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕ, ನಿಮ್ಮ ದೇವರ ಹೆಸರಲ್ಲಿ ನಾನು ಸುಳ್ಳು ಹೇಳ್ಬೇಕಾ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದಳು. ಕಾರ್ಡನ್ನು ಮೇಜಿನ ಮೇಲಿಟ್ಟು ಸರ್ ಕೋಣೆಗೆ ಹೋದಳು. ಅವರಿಬ್ಬರೂ ಪ್ರಿನ್ಸಿಪಾಲರಲ್ಲಿಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಸಂಜೆಗೆ ವಾಟ್ಸಾಪಿನಲ್ಲಿ, ಮೊದಲಿನದು ತಪ್ಪೆಂದು ಇನ್ನೊಂದು ಸುದ್ದಿ ಬಂತು. ಮರುದಿನ ಆಫೀಸಿನಲ್ಲಿ ಒಬ್ಬರು, "ವಾರಿಜಕ್ಕ, ತಿಂದ ಅಪ್ಪ ವಾಪಸ್ ಕೊಡ್ಲಿಕ್ಕುಂಟಾ?" ಎಂದರು. ತಮಾಷೆಗೆ ಹೇಳಿದ್ದು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು.

ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಪೂಜೆ ವ್ಯರ್ಥವಾಯಿತಲ್ಲ ಎಂದು ಕಣ್ಣೀರು ಹಾಕಿದೆ. ಅವರು ತುಳುವಿನಲ್ಲಿ ಕೇಳಿದ ಮಾತಿನ ಅರ್ಥ ಇಷ್ಟು: "ಪೂಜೆಗೇನೂ ಆಗಲಿಲ್ಲ. ನೀನು ಹರಕೆ ಹೇಳಿಕೊಂಡದ್ದು ಆ ಹುಡುಗಿಗಾಗಿ ಅಲ್ವಾ? ಮತ್ತೆ ಮುಖ ತೋರಿಸುವ ಚಿಂತೆ ನಿನಗೆ ಯಾಕೆ ಬಂತು?"

ಸಮಿತಿಯ ದಿನ ನಾನು ಚಹಾ ಕೊಡಲು ಒಳಗೆ ಹೋಗಿದ್ದೆ. ಹೊರಗಿನಿಂದ ಬಂದ ಹಿರಿಯ ಪ್ರೊಫೆಸರು ಲವೀನಾಳನ್ನು, "ಇಷ್ಟು ವರ್ಷ ಕೆಲಸ ಮಾಡಿ ಸೆಲ್ ಓರೆ ಇಡ್ಲಿಕ್ಕೆ ಗೊತ್ತಿಲ್ವಾ?" ಎಂದು ಕೇಳುತ್ತಿದ್ದರು. ಅವಳು, "ನಾನು ನೋಡ್ಬೇಕಿತ್ತು ಸರ್" ಎಂದಳು. ನನ್ನ ಹೆಸರು ಎತ್ತಲಿಲ್ಲ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಟ್ರೇ ಕೈಯಲ್ಲಿ ಹಿಡಿದುಕೊಂಡೇ, "ನೆಟ್ಟಗೆ ಮಾಡಿದ್ದು ನಾನು ಸರ್" ಎಂದೆ.

"ಯಾಕಮ್ಮ?"

"ಸೊಟ್ಟ ಇತ್ತು ಸರ್."

ಎಲ್ಲರೂ ನಕ್ಕರು. ಹೆಗ್ಡೆ ಸರ್ ನಗಲಿಲ್ಲ. "ಇವರಿಗೆ ಯಾಕೆ ಸೊಟ್ಟ ಅಂತ ನಾನು ಇಷ್ಟು ವರ್ಷ ಹೇಳಿಕೊಡ್ಲಿಲ್ಲ. ಆದ್ರೆ ಈ ಹುಡುಗಿ ತಾನೇ ಅಡ್ಡ ಇಟ್ಟು ನೋಡಿ, ತಾನೇ ಬಂದು ಹೇಳಿದ್ದಾಳೆ. ಅದನ್ನೂ ಬರ್ಕೊಳ್ಳಿ" ಎಂದರು. ಹೊರಗಿನವರು ಚಹಾ ಕುಡಿದರು. ಮರುವಾರ ಪತ್ರ ಬಂತು. ಆ ವರ್ಷದ ಕೊನೆಯವರೆಗೆ ಮಾತ್ರ ಸಮಯ, ಆಮೇಲೆ ಕೇಳಬಾರದು ಎಂದು.

ಅದರ ನಂತರ ನಾನು ಯಾವ ಹರಕೆಯನ್ನೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವ ಬಾಯಿ ನನಗಿರಲಿಲ್ಲ. ಬೆಳಗ್ಗೆ ಕಣ್ಣು ಮುಚ್ಚಿದರೆ, ಇವತ್ತು ನನ್ನ ಕೈಯಿಂದ ಯಾವುದೂ ಕೆಡದೆ ಇರಲಿ ಎಂದಷ್ಟೇ ಕೇಳುತ್ತಿದ್ದೆ. ಪ್ರತಿಯೊಂದು ಸ್ಕ್ರೂ ಮುಟ್ಟುವ ಮುಂಚೆ, "ಇದು ಯಾಕೆ ಹೀಗೆ?" ಎಂದು ಲವೀನಾಳನ್ನು ಕೇಳತೊಡಗಿದೆ. ನನ್ನ ಅರ್ಧ ವಯಸ್ಸಿನವಳು ಬೇಸರವಿಲ್ಲದೆ ಹೇಳುತ್ತಿದ್ದಳು. ನಾನು ಅವಳಲ್ಲಿ ಕ್ಷಮೆ ಕೇಳಲು ಹೋದಾಗಲೆಲ್ಲ, "ಅಕ್ಕ, ಆ ನೂಲು ಹಿಡೀರಿ ಸ್ವಲ್ಪ" ಎಂದು ಕೆಲಸ ಹಚ್ಚುತ್ತಿದ್ದಳು. ಹೀಗೆ ನೂಲು ಹಿಡಿದು ಅಳೆಯುವಾಗಲೇ ಒಮ್ಮೆ ಎದುರಿನ ಕಿರಣದ ದಾರಿ ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಇರುವುದು ಅವಳ ಗಮನಕ್ಕೆ ಬಂತು. ಮೂಲಂಗಿ ವಾಸನೆಯ ಬಲವಾದ ದ್ರವಕ್ಕೆ ಅಷ್ಟು ತಪ್ಪು ನಡೆಯುತ್ತದೆ, ಅವಳ ದುರ್ಬಲ ದ್ರವಕ್ಕೆ ನಡೆಯುವುದಿಲ್ಲ. ಕನ್ನಡಿ ಸರಿಸಿ, ಎಲ್ಲವನ್ನೂ ಮೊದಲಿನಿಂದ ಜೋಡಿಸಿದಳು. ಸೆಲ್ ಓರೆಯಾಗಿಯೇ ಇತ್ತು, ನಾನು ಅದರ ಹತ್ತಿರವೂ ಹೋಗಲಿಲ್ಲ.

ಮಳೆ ಬಿಟ್ಟ ಮೇಲಿನ ಒಂದು ಬೆಳಗ್ಗೆ ಪರದೆಯಲ್ಲಿ ಸಣ್ಣದೊಂದು ಸಿಗ್ನಲ್ ಕಂಡಿತು. ಹಿಂದಿನದರ ಮುಂದೆ ಏನೂ ಅಲ್ಲ, ಇಷ್ಟೇ ಇಷ್ಟು. ಲವೀನಾ "ಬಂತು" ಎನ್ನಲಿಲ್ಲ. ಸರ್ ಅವರನ್ನೂ ಕರೆಯಲಿಲ್ಲ. ಕಪ್ಪು ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು.

"ನೀವೇ ಇಡಿ ಅಕ್ಕ."

"ನಾನು ಬೇಡ."

"ನೀವೇ ಇಡ್ಬೇಕು."

ಟೇಪು ಸುತ್ತಿದ ಕೈ ಚಾಚಿ ಮೊದಲ ಕಿರಣಕ್ಕೆ ಅಡ್ಡ ಇಟ್ಟೆ. ಸಿಗ್ನಲ್ ಹೋಯಿತು. ತೆಗೆದೆ, ಬಂತು. ಎದುರಿನದಕ್ಕೆ ಇಟ್ಟೆ, ಹೋಯಿತು. ಮೂರನೆಯದಕ್ಕೆ ಇಟ್ಟೆ, ಹೋಯಿತು. ಕೈಗೆ ಬಂದದ್ದು ಕಣ್ಣೆದುರೇ ಇಲ್ಲವಾದಾಗ ಆ ಹುಡುಗಿಯ ನಗು ಕೇಳಿಸಿತು. ಕಾರ್ಡು ಹೇಳುವ ಈ ನಿಜವನ್ನೇ ಅಲ್ಲವೇ ನಾನು ಅವಳಿಂದ ಮುಚ್ಚಿಡಿಸಲು ನೋಡಿದ್ದು? ಅವಳು ನನ್ನ ಭುಜದ ಮೇಲೆ ಕೈಯಿಟ್ಟು, "ಇನ್ನೊಮ್ಮೆ ಇಡಿ ಅಕ್ಕ" ಎಂದಳು. ಇಟ್ಟೆ. ಮತ್ತೆ ಹೋಯಿತು. ನನಗೆ ತಲೆ ಎತ್ತಲು ಆಗಲಿಲ್ಲ. ಲೇಸರ್ ಉರಿಯುವಾಗ ಆ ರೂಮಿನಲ್ಲಿ ದೀಪ ಆರಿಸಿರುತ್ತಾರೆ, ಕಣ್ಣಿಗೆ ದಪ್ಪದ ಕಿತ್ತಳೆ ಬಣ್ಣದ ಕನ್ನಡಕ ಇರುತ್ತದೆ. ನನ್ನ ಮುಖ ಅವಳಿಗೆ ಕಾಣಿಸಲಿಲ್ಲ. ಅಷ್ಟು ಮಾತ್ರದ ದಯೆಯನ್ನು ದೇವರು ಆವತ್ತೂ ತೋರಿಸಿದ.